ಲೇಹ್ ದಾರಿಯ ನಡುಗಂಬ

ಭೂಪಟದಲ್ಲಿ ಬೆಂಗಳೂರಿನಿಂದ ನೇರ ಉತ್ತರಕ್ಕೆ ಒಂದು ಗೆರೆ ಎಳೆದರೆ ಅದು ಹೋಗಿ ಮುಟ್ಟುವುದು ಲಡಾಖಿನ ಲೇಹ್ ಪಟ್ಟಣವನ್ನು. ಬೆಂಗಳೂರಿನ ರೇಖಾಂಶ 77.59 ಡಿಗ್ರಿ ಪೂರ್ವ, ಲೇಹ್‌ನದು 77.58 ಡಿಗ್ರಿ, ಹೀಗಾಗಿ ಎರಡೂ ಊರುಗಳಲ್ಲಿ ನಡುಹಗಲು ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಆಗುತ್ತದೆ. ಹಕ್ಕಿ ಹಾರಿದರೆ ಸುಮಾರು 2,350 ಕಿಲೋಮೀಟರ್ ಆಗುವ ಈ ದೂರ ರಸ್ತೆಯಲ್ಲಿ 3,100 ಕಿಲೋಮೀಟರನ್ನು ಮೀರುತ್ತದೆ. ರಸ್ತೆಯು ಹೈದರಾಬಾದಿನತ್ತ ಬಾಗಿ, ನಾಗಪುರಕ್ಕೆ ಬರುವಷ್ಟರಲ್ಲಿ ಆ ಗೆರೆಯಿಂದ ಒಂದೂವರೆ ಡಿಗ್ರಿಯಷ್ಟು ಪೂರ್ವಕ್ಕೆ ಸರಿದು, ಸಿವನಿಯ ಕಾಡುಗಳನ್ನು ದಾಟಿದ ಮೇಲಷ್ಟೇ ಪಶ್ಚಿಮಕ್ಕೆ ವಾಲುತ್ತ ದೆಹಲಿಯನ್ನು ಸೇರುವುದೇ ಇದಕ್ಕೆ ಕಾರಣ. ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಿಮಾಲಯದ ಕಣಿವೆಗಳು ತೆರೆದಿರುವ ಅವಧಿಯಲ್ಲಿ, ಕರ್ನಾಟಕದಿಂದ ಇಬ್ಬಿಬ್ಬರಾಗಿ ಮೂವರಾಗಿ ಮೋಟಾರ್‌ಸೈಕಲ್ ಏರಿ ಹೊರಡುವ ಗೆಳೆಯರು ಹಿಡಿಯುವುದು ಈ ಬಾಗಿದ ದಾರಿಯನ್ನೇ. ಆದರೆ ಲಡಾಖ್ ಯಾತ್ರೆಯನ್ನು ಕುರಿತ ಬರಹಗಳನ್ನು ನೋಡಿದರೆ ಕಥೆ ಮನಾಲಿಯಿಂದ ಆರಂಭವಾಗುತ್ತದೆ, ಅದಕ್ಕೂ ಮೊದಲಿನ ಎರಡೂವರೆ ಸಾವಿರ ಕಿಲೋಮೀಟರಿಗೆ ಒಂದೆರಡು ವಾಕ್ಯಗಳು ಸಿಕ್ಕರೆ ಹೆಚ್ಚು. ಇದು ಅಳತೆಗೆಟ್ಟ ಬರವಣಿಗೆ ಎಂದೇ ಹೇಳಬೇಕು. ದಕ್ಷಿಣದಿಂದ ಹೊರಟವನ ಉತ್ತರಯಾತ್ರೆ ನಿಜವಾಗಿ ನಡೆಯುವುದು ಮಂಜಿನಲ್ಲಲ್ಲ, ನಾಗಪುರದ ಹಿಂದುಮುಂದಿನ ಬಯಲಿನಲ್ಲಿ.

ಈ ಬಯಲನ್ನು ಸೀಳಿಕೊಂಡು ಹೋಗುವುದು ರಾಷ್ಟ್ರೀಯ ಹೆದ್ದಾರಿ 44. ಶ್ರೀನಗರವನ್ನು ಕನ್ಯಾಕುಮಾರಿಗೆ ಜೋಡಿಸುವ, ಸುಮಾರು 3,700 ಕಿಲೋಮೀಟರ್ ಉದ್ದದ ಈ ರಸ್ತೆ ಒಂದೇ ಏಟಿಗೆ ಹುಟ್ಟಿದ್ದಲ್ಲ. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟಾಗ ಹಲವು ಹಳೆಯ ಹೆದ್ದಾರಿಗಳ ತುಂಡುಗಳನ್ನು ಒಂದೇ ದಾರಕ್ಕೆ ಪೋಣಿಸಿ ಈ ಹೆಸರು ಕೊಡಲಾಯಿತು. ಅವುಗಳ ಪೈಕಿ ಅತಿ ದೊಡ್ಡ ತುಂಡು ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ 7ನೇ ಸಂಖ್ಯೆಯ ಹೆದ್ದಾರಿ. ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಕಡೆಯ ಹಿರಿಯರ ಬಾಯಲ್ಲಿ ಅದು ಇಂದಿಗೂ ಹೈದರಾಬಾದ್ ರೋಡು. ಬೆಂಗಳೂರಿನಿಂದ ನಾಗಪುರಕ್ಕೆ ಹೆಚ್ಚುಕಡಿಮೆ 1,100 ಕಿಲೋಮೀಟರ್, ನಾಗಪುರದಿಂದ ದೆಹಲಿಗೂ ಬಹುತೇಕ ಅಷ್ಟೇ. ಸೂರತ್ ಕಡೆಯಿಂದ ಒಡಿಶಾದ ಪಾರಾದೀಪದ ಕಡೆಗೆ ಸಾಗುವ 53ನೇ ಹೆದ್ದಾರಿ 44ನೇ ಹೆದ್ದಾರಿಯನ್ನು ಅಡ್ಡ ಹಾಯುವುದೂ ನಾಗಪುರದಲ್ಲೇ ಆದ್ದರಿಂದ ದೇಶದ ನಾಲ್ಕು ದಿಕ್ಕಿನ ಲಾರಿಗಳು ಈ ಊರಿನಲ್ಲಿ ಮುಖಾಮುಖಿಯಾಗುತ್ತವೆ.

ದಾರಿಯುದ್ದಕ್ಕೂ ಕನ್ನಡದ ಸವಾರನು ದಾಟುವ ನದಿಗಳನ್ನು ಕ್ರಮವಾಗಿ ಹೇಳಿದರೆ ಒಂದು ಹಳೆಯ ಗಡಿರೇಖೆ ಕಣ್ಣಿಗೆ ಬೀಳುತ್ತದೆ. ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ, ನಿರ್ಮಲ್ ಪಟ್ಟಣಕ್ಕೆ ಸ್ವಲ್ಪ ಮೊದಲು ಸೋನ್ ಎಂಬಲ್ಲಿ ಗೋದಾವರಿ, ಆದಿಲಾಬಾದ್ ಕಳೆದ ಮೇಲೆ ತೆಲಂಗಾಣ ಮತ್ತು ಮಹಾರಾಷ್ಟ್ರಗಳ ಗಡಿಯಾದ ಪೈನ್‌ಗಂಗಾ, ಆಮೇಲೆ ವರ್ಧಾ. ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಕನ್ನಡ ನಾಡೆಂದು ಒಂಬತ್ತನೆಯ ಶತಮಾನದಲ್ಲಿ ಗುರುತಿಸಿದ್ದು ಕವಿರಾಜಮಾರ್ಗ. ಆ ಲೆಕ್ಕ ಹಿಡಿದರೆ ಬೆಂಗಳೂರು ಬಿಟ್ಟ ಸವಾರ ಕನ್ನಡ ನಾಡನ್ನು ಬಿಡುವುದು ಬಾಗೇಪಲ್ಲಿಯ ಗಡಿಯಲ್ಲಲ್ಲ, ಸುಮಾರು 780 ಕಿಲೋಮೀಟರ್ ಓಡಿಸಿದ ಮೇಲೆ, ಸೋನ್ ಸೇತುವೆಯ ಮೇಲೆ. ಅದರಾಚೆಯ ನಾಗಪುರವೂ ಕನ್ನಡದ ದೊರೆಗಳಿಗೆ ಹೊರನಾಡೇನೂ ಆಗಿರಲಿಲ್ಲ. ಆ ಹೆಸರಿನ ಅತಿ ಹಳೆಯ ದಾಖಲೆಯೆಂದು ಎಣಿಸಲಾಗುವುದು ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ, ಶಕ 862ರ, ಅಂದರೆ ಕ್ರಿ.ಶ. 940ರ ತಾಮ್ರಶಾಸನ. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಈ ಶಾಸನದಲ್ಲಿ ದಾನವಾಗಿ ಕೊಟ್ಟ ಹಳ್ಳಿ ‘ನಾಗಪುರ–ನಂದಿವರ್ಧನ’ ವಿಷಯಕ್ಕೆ ಸೇರಿದ್ದು. ವಿಷಯ ಎಂದರೆ ಆ ಕಾಲದ ಆಡಳಿತದಲ್ಲಿ ಇಂದಿನ ಜಿಲ್ಲೆಗೆ ಸಮೀಪದ ಒಂದು ಘಟಕ. ಇದೇ ಅರಸನ ದಂಡು ಇನ್ನೂ ಉತ್ತರಕ್ಕೆ ಹೋಗಿ ಮಧ್ಯಪ್ರದೇಶದ ಮೈಹರ್ ಬಳಿಯ ಜೂರಾದಲ್ಲಿ ಕನ್ನಡ ಶಾಸನವನ್ನೇ ಬಿಟ್ಟುಬಂದಿದೆ. ಕುದುರೆಯ ಮೇಲೆ ಆ ದೂರವನ್ನು ಕ್ರಮಿಸಿದವರಿಗೆ ಎಷ್ಟು ತಿಂಗಳು ಹಿಡಿಯಿತೋ, ಶಾಸನ ಅದನ್ನು ಹೇಳುವುದಿಲ್ಲ.

ಬೆಂಗಳೂರಿಗೂ ನಾಗಪುರಕ್ಕೂ ಇರುವ ಇನ್ನೊಂದು ನಂಟು ಅಳತೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಆ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆದನು. ಇದಕ್ಕೆ ಆಧಾರರೇಖೆ ಎಂದು ಹೆಸರು. ತ್ರಿಕೋನವೊಂದರ ಒಂದು ಬದಿಯ ಉದ್ದ ಮತ್ತು ಅದರ ಕೋನಗಳು ಗೊತ್ತಾದರೆ ಉಳಿದೆರಡು ಬದಿಗಳನ್ನು ನೆಲದ ಮೇಲೆ ಅಳೆಯದೆಯೇ ಲೆಕ್ಕದಿಂದ ಪಡೆಯಬಹುದು, ಆ ಬದಿಗಳ ಮೇಲೆ ಹೊಸ ತ್ರಿಕೋನಗಳನ್ನು ಕಟ್ಟುತ್ತ ಬೆಟ್ಟದಿಂದ ಬೆಟ್ಟಕ್ಕೆ ಮುಂದುವರಿಯಬಹುದು ಎಂಬುದು ತ್ರಿಕೋನ ಮಾಪನದ ತಿರುಳು. 1802ರಲ್ಲಿ ಮದ್ರಾಸಿನಲ್ಲಿ ಇದೇ ಕೆಲಸವು ಮಹಾ ತ್ರಿಕೋನ ಮಾಪನ ಸಮೀಕ್ಷೆಯಾಗಿ ವಿಧ್ಯುಕ್ತವಾಗಿ ಆರಂಭವಾಯಿತು. ಅರ್ಧ ಟನ್ ತೂಗುವ ಥಿಯೋಡೊಲೈಟ್, ಅಂದರೆ ಕೋನ ಅಳೆಯುವ ದುರ್ಬೀನಿನ ಯಂತ್ರವನ್ನು ಬೆಟ್ಟದ ನೆತ್ತಿಗೂ ಗುಡಿಯ ಗೋಪುರಕ್ಕೂ ಏರಿಸುತ್ತ, 78ನೇ ರೇಖಾಂಶದ ಆಸುಪಾಸಿನಲ್ಲಿ ಕನ್ಯಾಕುಮಾರಿಯಿಂದ ಉತ್ತರಕ್ಕೆ ಸಾಗಿದ ಈ ತ್ರಿಕೋನಮಾಲೆಗೆ ‘ಮಹಾಚಾಪ’ ಎಂದು ಹೆಸರಾಯಿತು. ಇಂದಿನ 44ನೇ ಹೆದ್ದಾರಿ ಬಹುಮಟ್ಟಿಗೆ ಅದರ ಮಗ್ಗುಲಲ್ಲೇ ಓಡುತ್ತದೆ. ಹೈದರಾಬಾದಿನಿಂದ ನಾಗಪುರಕ್ಕೆ ಪಾಳೆಯವನ್ನು ಸಾಗಿಸುತ್ತಿದ್ದಾಗ, 1823ರ ಜನವರಿಯಲ್ಲಿ, ನಾಗಪುರ ಇನ್ನು ಎಪ್ಪತ್ತೈದು ಕಿಲೋಮೀಟರ್ ಇರುವಂತೆ ಹಿಂಗಣ್‌ಘಾಟ್ ಎಂಬಲ್ಲಿ ಲ್ಯಾಂಬ್ಟನ್ ತೀರಿಕೊಂಡನು. ಅವನ ಸಮಾಧಿ ಅಲ್ಲೇ ಇದೆ. ಚಾಪವನ್ನು ಹಿಮಾಲಯದ ತಪ್ಪಲಿಗೆ ಒಯ್ದು ಮುಟ್ಟಿಸಿದವನು ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್. ಹೆಸರು ಯಾರಿಗೆ ಸಂದಿತು ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಹಿಂಗಣ್‌ಘಾಟ್ ಇಂದು ಸವಾರರಿಗೆ ಹತ್ತಿಯ ಲಾರಿಗಳ ಊರು, ಚಹಾಕ್ಕೆ ನಿಲ್ಲುವ ಜಾಗ, ಅಷ್ಟೆ.

ನಾಗಪುರದ ನಡುಮಧ್ಯೆ, ವಿಧಾನಭವನದ ಹತ್ತಿರ, ಈ ಅಳತೆಯ ಪರಂಪರೆಗೆ ಸೇರಿದ ಮರಳುಗಲ್ಲಿನ ಕಂಬವೊಂದಿದೆ. ಪಕ್ಕದಲ್ಲಿ ಮುಂಗಾಲೆತ್ತಿದ ನಾಲ್ಕು ಗಾರೆಯ ಕುದುರೆಗಳು. ಇದನ್ನೇ ಜನ ‘ಝೀರೋ ಮೈಲ್’ ಎನ್ನುತ್ತಾರೆ. ಇದು ಭಾರತದ ಕೇಂದ್ರಬಿಂದು, ದೇಶದ ದೂರಗಳನ್ನೆಲ್ಲ ಇಲ್ಲಿಂದಲೇ ಅಳೆದರು ಎಂಬ ಮಾತು ಪ್ರಚಲಿತದಲ್ಲಿದ್ದರೂ ಅಲ್ಲಿನ ಕಲ್ಲು ಹೇಳುವುದು ಬೇರೆಯೇ ಮಾತನ್ನು. 1907ರ ಆ ಗುರುತುಕಲ್ಲು ಒಂದು ಬೆಂಚ್‌ಮಾರ್ಕ್, ಅಂದರೆ ಸಮುದ್ರಮಟ್ಟದಿಂದ ಒಂದು ಜಾಗದ ಎತ್ತರವನ್ನು ಶಾಶ್ವತವಾಗಿ ನಮೂದಿಸಿಡುವ ಕಲ್ಲು. ಅದು ಕೊಡುವ ಎತ್ತರ 1,020.171 ಅಡಿ, ನಮ್ಮ ಲೆಕ್ಕದಲ್ಲಿ 311 ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಹಾಗಾಗಿ ಹಿಮಾಲಯ ಏರಲು ಹೊರಟವನು ಮೊದಲ ಎರಡು ದಿನ ಆರುನೂರು ಮೀಟರ್ ಇಳಿಯುತ್ತಾನೆ. ಕಂಬದ ಮೇಲೆ ಕೆತ್ತಿದ ಊರುಗಳ ಪಟ್ಟಿಯಲ್ಲಿ ಹೈದರಾಬಾದ್ 318 ಮೈಲಿ, ಜಬಲ್ಪುರ 170, ಸಿವನಿ 79 ಎಂದಿದೆ. ಬೆಂಗಳೂರಿನ ಹೆಸರು ಅದರಲ್ಲಿಲ್ಲ, ದೆಹಲಿಯದೂ ಇಲ್ಲ. ಆದರೂ ಲೇಹ್‌ಗೆ ಹೊರಟ ಗೆಳೆಯರು ಬೈಪಾಸ್ ಬಿಟ್ಟು ಊರೊಳಗೆ ಬಂದು, ವರ್ಧಾ ರಸ್ತೆಯಲ್ಲಿ ಕೆಳಗೆ ರಸ್ತೆ, ನಡುವೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೊ ಎಂದು ಮೂರಂತಸ್ತಾಗಿ ಎದ್ದಿರುವ ಕಟ್ಟಡವನ್ನು ದಾಟಿ, ಈ ಕುದುರೆಗಳ ಮುಂದೆ ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋಗುವುದು ಕಡಿಮೆ.

ಹಣೆಬರಹವೆಂಬಂತೆ ಈ ಊರು ಎದುರಾಗುವುದು ವರ್ಷದ ಅತಿ ಕೆಟ್ಟ ಹೊತ್ತಿನಲ್ಲಿ. ಮನಾಲಿ–ಲೇಹ್ ದಾರಿ ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದು ಮೇ ಕೊನೆಯಲ್ಲಿ ಹೊರಟವರು ನಾಗಪುರ ತಲುಪುವಾಗ ಸೂರ್ಯ ರೋಹಿಣಿ ನಕ್ಷತ್ರವನ್ನು ಪ್ರವೇಶಿಸಿರುತ್ತಾನೆ. ಕರ್ನಾಟಕದ ರೈತನಿಗೆ ರೋಹಿಣಿಯೆಂದರೆ ಮಳೆ, ಬಿತ್ತನೆಗೆ ಹದ ನೋಡುವ ಕಾಲ. ನಾಗಪುರವಿರುವ ವಿದರ್ಭದಲ್ಲಿ ಅದೇ ರೋಹಿಣಿಯ ಮೊದಲ ಒಂಬತ್ತು ದಿನಗಳಿಗೆ ‘ನವತಪ’ ಎಂದು ಹೆಸರು, ಅಂದರೆ ಒಂಬತ್ತು ದಿನಗಳ ಬೇಗೆ. ಒಂದೇ ಪಂಚಾಂಗ, ಒಂದೇ ನಕ್ಷತ್ರ. ಸಾವಿರ ಕಿಲೋಮೀಟರ್ ಅಂತರದಲ್ಲಿ ಒಂದು ಕಡೆ ಕೊಡೆ, ಇನ್ನೊಂದು ಕಡೆ ತಲೆಗೆ ಸುತ್ತಿದ ಒದ್ದೆ ಪಂಚೆ. ಉಷ್ಣಾಂಶ 45 ಡಿಗ್ರಿ ಮುಟ್ಟುವುದು ಅಲ್ಲಿ ಸುದ್ದಿಯೇ ಅಲ್ಲ. ಇಂಥ ಬಿಸಿಲಿನಲ್ಲಿ ಹೊಸ ಸವಾರನು ಮಾಡುವ ಮೊದಲ ತಪ್ಪು ಜಾಕೆಟ್ ಬಿಚ್ಚುವುದು. ಗಾಳಿ ತಾಗಿದರೆ ತಂಪು ಎಂಬುದು ಬೆಂಗಳೂರಿನ ಅನುಭವ. ಗಾಳಿಯ ಉಷ್ಣಾಂಶ ಚರ್ಮದ ಉಷ್ಣಾಂಶವನ್ನು, ಸುಮಾರು 35 ಡಿಗ್ರಿಯನ್ನು, ಮೀರಿದೊಡನೆ ಬೀಸುವ ಗಾಳಿ ಮೈಯಿಂದ ಶಾಖವನ್ನು ಒಯ್ಯುವ ಬದಲು ಮೈಗೆ ಶಾಖವನ್ನು ತುಂಬತೊಡಗುತ್ತದೆ, ಬೆವರು ಮೂಡಿದಲ್ಲೇ ಆರಿಹೋಗುವುದರಿಂದ ದೇಹದಲ್ಲಿ ನೀರು ಮುಗಿಯುತ್ತಿರುವುದು ಸವಾರನಿಗೆ ತಿಳಿಯುವುದೂ ಇಲ್ಲ. ಆದ್ದರಿಂದ ಪಳಗಿದವರು ಒಳಗಿನ ಬನಿಯನ್ನನ್ನು ನೀರಿನಲ್ಲಿ ಅದ್ದಿ ಹಾಕಿಕೊಂಡು, ಅದರ ಮೇಲೆ ಜಾಕೆಟ್ ತೊಟ್ಟು, ಹೆಲ್ಮೆಟ್ಟಿನ ಗಾಜನ್ನು ಮುಚ್ಚಿಯೇ ಓಡಿಸುತ್ತಾರೆ, ಬೆಳಗಿನ ನಾಲ್ಕಕ್ಕೆ ಹೊರಟು ಹನ್ನೊಂದರ ಹೊತ್ತಿಗೆ ನೆರಳು ಹಿಡಿಯುತ್ತಾರೆ.

ಆ ಬೆಳಗಿನ ಹೊತ್ತಿಗೆ ನಾಗಪುರದ ಬೀದಿಬದಿಯಲ್ಲಿ ಸಿಗುವುದು ತರ್ರಿ ಪೋಹೆ. ಅರಿಶಿನದ ಒಗ್ಗರಣೆ ಅವಲಕ್ಕಿಯನ್ನು ತಟ್ಟೆಗೆ ಹಾಕಿ, ಅದರ ಮೇಲೆ ಕಡಲೆಕಾಳಿನ ಕೆಂಪು ಸಾರನ್ನು ಸೌಟಿನಿಂದ ಸುರಿದು, ಹಸಿ ಈರುಳ್ಳಿ ಉದುರಿಸಿ ಕೊಡುತ್ತಾರೆ. ತರ್ರಿ ಎಂದರೆ ಆ ಸಾರಿನ ಮೇಲೆ ತೇಲುವ ಖಾರದ ಎಣ್ಣೆ. ಅವಲಕ್ಕಿಯನ್ನು ಒಣಗಿದಂತೆಯೇ ತಿಂದು ಬೆಳೆದ ಬಯಲುಸೀಮೆಯವರಿಗೆ ಮೊದಲು ಇದು ವಿಚಿತ್ರವೆನಿಸಿದರೂ ಎರಡನೆಯ ತಟ್ಟೆಯನ್ನು ಬೇಡವೆನ್ನುವವರು ವಿರಳ.

ಬಿಸಿಲಿಗಿಂತ ದೊಡ್ಡ ವೈರಿ ನಿದ್ದೆ. ಆದಿಲಾಬಾದಿನಿಂದ ನಾಗಪುರದವರೆಗಿನ ನೆಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ದಖನ್ ಲಾವಾ ಹಾಸಿನ ಪೂರ್ವದ ಅಂಚಿನದು. ವಿಜಯಪುರ, ಧಾರವಾಡದ ಕಡೆಯವರಿಗೆ ತೀರಾ ಪರಿಚಿತವಾದ ಎರೆಮಣ್ಣು, ಅದೇ ಹತ್ತಿ, ಅದೇ ತೊಗರಿ. ನೀರು ಕುಡಿದಾಗ ಉಬ್ಬಿ ಒಣಗಿದಾಗ ಬಿರಿಯುವ ಈ ಮಣ್ಣಿನ ಮೇಲೆ ಡಾಂಬರು ಹಾಕಿದರೆ ರಸ್ತೆ ಕೆಲವೇ ವರ್ಷಗಳಲ್ಲಿ ಅಲೆಯಲೆಯಾಗಿ ಏಳುತ್ತದೆ, ಭಾರ ಹೊತ್ತ ಬೈಕಿನ ಹಿಂಬದಿ ಆ ಅಲೆಗಳ ಮೇಲೆ ದೋಣಿಯಂತೆ ತೂಗುತ್ತದೆ. ನೇರವಾದ ರಸ್ತೆ, ಒಂದೇ ಲಯದ ಎಂಜಿನ್ ಸದ್ದು, ತೂಗುವ ಸೀಟು ಮೂರೂ ಕೂಡಿದರೆ ಕಣ್ಣು ತೆರೆದಿದ್ದರೂ ಮನಸ್ಸು ಮಲಗಿಬಿಡುವ ಸ್ಥಿತಿ ಬರುತ್ತದೆ. ಜೊತೆಗಾರನ ಬೆಲೆ ತಿಳಿಯುವುದು ಇಲ್ಲೇ. ಇಬ್ಬರು ಸವಾರರು ಒಬ್ಬರ ಹಿಂದೊಬ್ಬರು ನೇರ ಸಾಲಿನಲ್ಲಿ ಹೋಗುವುದಿಲ್ಲ. ಮುಂದಿನವನು ಲೇನಿನ ಬಲಭಾಗ ಹಿಡಿದರೆ ಹಿಂದಿನವನು ಎಡಭಾಗ ಹಿಡಿದು, ಮುಂದಿನವನ ಕನ್ನಡಿಯಲ್ಲಿ ಸದಾ ಕಾಣುವಂತೆ ಎರಡು ಸೆಕೆಂಡಿನ ಅಂತರವಿಟ್ಟು ಓಡಿಸುತ್ತಾನೆ. ಗುಂಡಿ ಕಂಡರೆ ಮುಂದಿನವನು ಆ ಬದಿಯ ಕಾಲನ್ನು ಚಾಚುತ್ತಾನೆ, ನಿಲ್ಲಬೇಕಾದರೆ ಕೈಯನ್ನು ಕೆಳಗಿಳಿಸುತ್ತಾನೆ. ಇತ್ತೀಚೆಗೆ ಹೆಲ್ಮೆಟ್ಟಿನೊಳಗೆ ಕೂರುವ ಬ್ಲೂಟೂತ್ ಇಂಟರ್‌ಕಾಮ್ ಬಂದು ಈ ಸನ್ನೆಗಳ ಭಾಷೆ ಅರ್ಧ ಮರೆತುಹೋಗಿದೆ. ಆದರೆ ಅದರಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ದಾರಿಯ ಚೆಲುವನ್ನು ಕುರಿತದ್ದಲ್ಲ, “ಮಗಾ, ನಿದ್ದೆ ಬರ್ತಿದ್ಯೇನೋ?” ಎಂಬುದು. ವೇಗವನ್ನು ನಿರ್ಧರಿಸುವವನು ಯಾವಾಗಲೂ ನಿಧಾನದವನೇ ಆಗಿರಬೇಕು ಎಂಬ ಅಲಿಖಿತ ನಿಯಮವನ್ನು ಮುರಿದ ಗೆಳೆತನಗಳು ನಾಗಪುರಕ್ಕೆ ಮೊದಲೇ ಬಿರುಕು ಬಿಡುತ್ತವೆ.

ಹೆದ್ದಾರಿಯ ಲೆಕ್ಕದಲ್ಲಿ ದ್ವಿಚಕ್ರ ವಾಹನ ಅರ್ಧ ಅತಿಥಿ, ಅರ್ಧ ಅನಪೇಕ್ಷಿತ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಅದಕ್ಕೆ ಸುಂಕವಿಲ್ಲ. ಎಡ ಅಂಚಿನಲ್ಲಿ ಬಿಟ್ಟಿರುವ ಕಿರುದಾರಿಯಲ್ಲಿ, ಎರಡೂ ಬದಿಗೆ ಚೀಲ ಕಟ್ಟಿದ ಬೈಕು ತೂರಬಲ್ಲುದೇ ಎಂದು ಅಳೆಯುತ್ತ ನುಸುಳಿಕೊಂಡು ಹೋಗಬೇಕು. ಆದರೆ ನಾಗಪುರದಿಂದಲೇ ಹೊರಡುವ, ಮುಂಬಯಿವರೆಗಿನ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗದಲ್ಲಿ ಬೈಕಿಗೆ ಪ್ರವೇಶವೇ ಇಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲೂ ಇಲ್ಲ. ವೇಗದ ವಾಹನಗಳ ನಡುವೆ ಸಾವುನೋವು ತಪ್ಪಿಸಲು ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಹೊಸ ರಸ್ತೆಗಳೆಲ್ಲ ಈ ಬಗೆಯವೇ ಆಗುತ್ತ ಹೋದರೆ, ದೇಶವನ್ನು ದಕ್ಷಿಣೋತ್ತರವಾಗಿ ಬೈಕಿನಲ್ಲಿ ದಾಟಲು ಉಳಿಯುವುದು 44ರಂಥ ಹಳೆಯ ತೆರೆದ ದಾರಿಗಳು ಮಾತ್ರ.

ಈ ಬಯಲಿನ ಶ್ರಮವನ್ನು ತಪ್ಪಿಸಿಕೊಳ್ಳುವ ಸುಲಭೋಪಾಯವೂ ಇದೆ. ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿಸಿ, ಗೋಣಿತಾಟಿನಲ್ಲಿ ಬೈಕನ್ನು ಬಿಗಿದು, ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ದೆಹಲಿಗೋ ಚಂಡೀಗಢಕ್ಕೋ ಕಳುಹಿಸಿ, ಸವಾರರು ವಿಮಾನದಲ್ಲಿ ಹೋಗಿ ಅಲ್ಲಿಂದ ಏರುವುದು. ರಜೆ ಹತ್ತೇ ದಿನ ಇರುವ ನೌಕರನನ್ನು ಇದಕ್ಕಾಗಿ ದೂರುವಂತಿಲ್ಲ. ಆದರೂ ಹಾಗೆ ಹೋದವನು ನೋಡುವುದು ಲಡಾಖನ್ನು. ಬೆಂಗಳೂರಿನಿಂದ ಲಡಾಖ್ ಎಷ್ಟು ದೂರ ಎಂಬುದನ್ನಲ್ಲ.

ನಾಗಪುರ ದಾಟಿದ ಗಂಟೆಯೊಳಗೆ ಬಲಗಡೆ ರಾಮ್‌ಟೇಕ್ ಬೆಟ್ಟದ ದಿಕ್ಕು ತೋರುವ ಮನ್ಸರ್ ಕೂಡುರಸ್ತೆ ಬರುತ್ತದೆ. ದೇವಳಿ ಶಾಸನದ ನಂದಿವರ್ಧನವೆಂದು ವಿದ್ವಾಂಸರು ಗುರುತಿಸುವ ನಗರ್‌ಧನ್ ಇಲ್ಲಿಗೆ ಹತ್ತಿರ. ರಾಮ್‌ಟೇಕನ್ನೇ ಕಾಳಿದಾಸನ ‘ಮೇಘದೂತ’ದ ರಾಮಗಿರಿಯೆಂದು ಬಹುಮಂದಿ ಒಪ್ಪುತ್ತಾರೆ. ಬೇಂದ್ರೆಯವರ ‘ಕನ್ನಡ ಮೇಘದೂತ’ದ ಮೂಲಕ ಆ ಕಾವ್ಯವನ್ನು ಬಲ್ಲವರಿಗೆ ಇದು ಬರಿಯ ತೀರ್ಥಸ್ಥಳದ ಫಲಕವಾಗಿ ಕಾಣಲಾರದು. ಶಾಪಗ್ರಸ್ತ ಯಕ್ಷನು ಆಷಾಢದ ಮೋಡವೊಂದಕ್ಕೆ ಇಲ್ಲಿಂದ ಕೈಲಾಸದ ಮಡಿಲಿನ ಅಲಕೆಯವರೆಗೆ ದಾರಿ ಹೇಳುವುದೇ ಆ ಕಾವ್ಯದ ಪೂರ್ವಭಾಗ. ಆ ದಾರಿಯಲ್ಲಿ ನರ್ಮದೆಯಿದೆ, ವೇತ್ರವತಿ ಎಂಬ ಬೇತ್ವಾ ಇದೆ, ಚರ್ಮಣ್ವತಿ ಎಂಬ ಚಂಬಲ್ ಇದೆ, ಕುರುಕ್ಷೇತ್ರವಿದೆ. 44ನೇ ಹೆದ್ದಾರಿಯ ಸವಾರನು ಬರ್ಮಾನ್‌ನಲ್ಲಿ ನರ್ಮದೆಯನ್ನು, ಧೋಲ್‌ಪುರದಲ್ಲಿ ಚಂಬಲನ್ನು ದಾಟಿ, ಹರಿಯಾಣದಲ್ಲಿ ಕುರುಕ್ಷೇತ್ರದ ಪಕ್ಕದಲ್ಲೇ ಹಾಯುತ್ತಾನೆ, ಹೊರಡುವ ತಿಂಗಳೂ ಬಹುತೇಕ ಅದೇ. ವ್ಯತ್ಯಾಸವೆಂದರೆ ಉಜ್ಜಯಿನಿಯನ್ನು ನೋಡಿ ಹೋಗಲು ದಾರಿ ಸುತ್ತಾದರೂ ಚಿಂತೆಯಿಲ್ಲ ಎಂದು ಯಕ್ಷ ಮೋಡಕ್ಕೆ ಹೇಳುತ್ತಾನೆ, ಬೈಕಿನವರಿಗೆ ಆ ಪುರುಸೊತ್ತು ಇರುವುದಿಲ್ಲ.

ಮನ್ಸರ್‌ನಿಂದ ಮಧ್ಯಪ್ರದೇಶದ ಗಡಿಯ ಖವಾಸಾವರೆಗೆ ರಸ್ತೆ ಪೇಂಚ್ ಹುಲಿ ಅಭಯಾರಣ್ಯವನ್ನು ಸೀಳುತ್ತದೆ. ನಾಲ್ಕು ಪಥಗಳಾಗಿ ಅಗಲಿಸುವಾಗ ಇಲ್ಲಿ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ, ಪ್ರಾಣಿಗಳು ಅಡಿಯಿಂದ ದಾಟುವಂತೆ 50ರಿಂದ 750 ಮೀಟರ್ ಉದ್ದದ ಒಂಬತ್ತು ಕೆಳದಾರಿಗಳನ್ನು ಬಿಡಲಾಯಿತು. ಅವುಗಳಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಇಟ್ಟ ಕ್ಯಾಮೆರಾಗಳಿಗೆ ಹುಲಿಯೂ ಸೇರಿ 18 ಜಾತಿಯ ಪ್ರಾಣಿಗಳು ಸಿಕ್ಕಿವೆ. ಮೇಲೆ ಹೋಗುವ ಸವಾರನಿಗೆ ಕಾಣುವುದು ಇಕ್ಕೆಲದ ಎತ್ತರದ ತಡೆಗೋಡೆ ಮಾತ್ರ. ಬಂಡೀಪುರದಲ್ಲಿ ರಾತ್ರಿ ರಸ್ತೆ ಮುಚ್ಚಬೇಕೋ ಬೇಡವೋ ಎಂಬ ವಾದವನ್ನು ವರ್ಷಗಟ್ಟಲೆ ಕೇಳಿದವರು ಆ ಗೋಡೆಯನ್ನು ಒಮ್ಮೆ ಗಮನಿಸಿ ನೋಡಬೇಕು.

ಮುಂದಿನ ಹಿಮಾಲಯದ ಭಾಗವನ್ನು ಕುರಿತು ಸಾಕಷ್ಟು ಬರೆದವರಿದ್ದಾರೆ. ಮನಾಲಿಯಾಚೆ, 2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಮುಂದಿನ ಪೆಟ್ರೋಲ್ ಬಂಕ್ 365 ಕಿಲೋಮೀಟರ್ ಎಂದು ಬಹುಕಾಲ ಎಚ್ಚರಿಸುತ್ತಿದ್ದ ಫಲಕ. 5,328 ಮೀಟರ್ ಎತ್ತರದ ತಂಗ್‌ಲಂಗ್ ಲಾ ಕಣಿವೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ. ಮನುಷ್ಯನಿಗೆ ತಲೆನೋವು, ವಾಕರಿಕೆ ಬರುವಂತೆ ಕಾರ್ಬುರೇಟರಿನ ಹಳೆಯ ಎಂಜಿನ್‌ಗಳಿಗೂ ಉಸಿರು ಕಟ್ಟುತ್ತಿತ್ತು, ಏಕೆಂದರೆ ಗಾಳಿ ತೆಳುವಾದರೂ ಪೆಟ್ರೋಲು ಹೆಚ್ಚುಕಡಿಮೆ ಮೊದಲಿನಷ್ಟೇ ಸುರಿದು, ಅರೆಬೆಂದ ಇಂಧನದಿಂದ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತಿತ್ತು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಮೇಲೆ ಒಯ್ದವರು ಕಾರ್ಬುರೇಟರಿನ ಜೆಟ್ ಬದಲಿಸುವ ಸ್ಪ್ಯಾನರನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕಿತ್ತು. ಈಗಿನ ಎಂಜಿನ್‌ಗಳು ಗಾಳಿಯನ್ನು ಸೆನ್ಸರಿನಿಂದ ಅಳೆದು ಪೆಟ್ರೋಲನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಹಾಗೆಂದು ದೊಡ್ಡ ಎಂಜಿನ್ ಇದ್ದರಷ್ಟೇ ದೂರ ಹೋಗಬಹುದೆಂಬುದೂ ಭ್ರಮೆ. 2018ರ ಜನವರಿಯಲ್ಲಿ ತಾಯಿ ಚೂಡಾರತ್ನ ಅವರನ್ನು ತಂದೆಯ ಕೊಡುಗೆಯಾದ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟ ಮೈಸೂರಿನ ಡಿ. ಕೃಷ್ಣಕುಮಾರ್, ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಸೇರಿಸಿ 2020ರಲ್ಲಿ ಊರಿಗೆ ಮರಳುವಷ್ಟರಲ್ಲಿ 56,000 ಕಿಲೋಮೀಟರಿಗೂ ಹೆಚ್ಚು ಕ್ರಮಿಸಿದ್ದರು.

ಲೇಹ್‌ಗೆ ಹೋಗಿ ಶ್ರೀನಗರದ ಮೇಲೆ ಹಿಂತಿರುಗಿ ಬೆಂಗಳೂರು ಸೇರಿದ ಬೈಕಿನ ಹಿಂಬದಿಯ ಟೈರನ್ನು ಪಂಕ್ಚರ್ ಅಂಗಡಿಯವನ ಕಣ್ಣಿನಿಂದ ನೋಡಬೇಕು. ಬೈಕಿನ ಟೈರು ಹೊಸದಿದ್ದಾಗ ಅದರ ಅಡ್ಡಸೀಳು ದುಂಡಗಿರುತ್ತದೆ. ನೇರ ಓಡುವಾಗ ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. ತಿರುವಿನಲ್ಲಿ ಬೈಕು ವಾಲಿದಾಗಷ್ಟೇ ಅಂಚುಗಳು ಸವೆಯುತ್ತವೆ. ಆರೂವರೆ ಸಾವಿರ ಕಿಲೋಮೀಟರಿನ ಯಾತ್ರೆ ಮುಗಿಸಿದ ಟೈರಿನಲ್ಲಿ ಮನಾಲಿ–ಲೇಹ್ ದಾರಿಯ ಗಾಟಾ ಲೂಪ್ಸ್‌ನ ಇಪ್ಪತ್ತೊಂದು ತಿರುವುಗಳಿಗಾಗಲಿ, ಶ್ರೀನಗರ ದಾರಿಯ ಜೋಜಿ ಲಾದ ಕೆಸರಿಗಾಗಲಿ ಸಾಕ್ಷಿ ಸಿಗುವುದು ಕಷ್ಟ, ಅಂಚಿನ ಹಲ್ಲುಗಳು ಇನ್ನೂ ಹೊಸತರಂತೆ ನಿಂತಿರುತ್ತವೆ. ನಡುವಿನ ಪಟ್ಟಿ ಮಾತ್ರ ಅಂಗೈ ಅಗಲಕ್ಕೆ ಚಪ್ಪಟೆಯಾಗಿ, ಗೆರೆಗಳು ಮಾಸಿ, ನಾಗಪುರದ ಹಿಂದುಮುಂದಿನ ಕಾಂಕ್ರೀಟಿನಷ್ಟೇ ನುಣ್ಣಗಾಗಿರುತ್ತದೆ.